ಮರಕ್ಕೆ ಎರಡು ಬೆರಳು ಸಡಿಲ

ನಮ್ಮ ಬೀದಿಯ ಟೈಲರ್ ಮಾಸ್ಟ್ರು ಯಾರ ಮೈಗೆ ಟೇಪು ಸುತ್ತಿದರೂ ಒಳಗೆ ಎರಡು ಬೆರಳು ತೂರಿಸಿಯೇ ಅಳತೆ ಓದುತ್ತಾರೆ. ಎದೆಗೂ ಎರಡು, ಸೊಂಟಕ್ಕೂ ಎರಡು. ಈ ಎರಡು ಬೆರಳಿನ ಮೇಲೆ ಅವರ ನಲವತ್ತು ವರ್ಷದ ಕಸುಬು ನಿಂತಿದೆ. ಅವರ ಎದುರಿಗೇ ಬಟ್ಟೆ ಅಂಗಡಿ ಇಟ್ಟುಕೊಂಡಿರುವ ನನ್ನ ವ್ಯಾಪಾರವೂ ಅರ್ಧ ಅದರ ಮೇಲೇ ನಿಂತಿದೆ. ನಾನು ಬಟ್ಟೆ ಮಾರುತ್ತೇನೆ, ಅವರು ಅದನ್ನು ಮನುಷ್ಯನಿಗೆ ಹೊಂದಿಸುತ್ತಾರೆ. ಹೊಂದಿದರೆ ಗಿರಾಕಿ ಟೈಲರನ್ನು ಹೊಗಳುತ್ತಾನೆ, ಹೊಂದದಿದ್ದರೆ ಬಟ್ಟೆಯನ್ನು ಬೈಯುತ್ತಾನೆ. ನನಗೆ ಅಭ್ಯಾಸವಾಗಿದೆ.

ಬೆರಳಿನ ಪಾಠ ಅವರಿಗೆ ಸಿಕ್ಕಿದ್ದು ಹದಿನಾರನೆಯ ವಯಸ್ಸಿನಲ್ಲಿ, ಸೋದರಮಾವನ ಅಂಗಡಿಯಲ್ಲಿ. ಮಾವ ಒಬ್ಬ ಬ್ಯಾಂಕ್ ಮ್ಯಾನೇಜರಿಗೆ ಮೈಗೆ ಅಂಟಿಸಿದ ಹಾಗೆ ಕೋಟು ಹೊಲಿದುಕೊಟ್ಟಿದ್ದರಂತೆ. ಕನ್ನಡಿಯ ಮುಂದೆ ನಿಂತಾಗ ಮನುಷ್ಯ ಬೊಂಬೆಯ ಹಾಗೆ ಕಂಡ. ಮರುದಿನ ಬ್ಯಾಂಕಿನಲ್ಲಿ ಬಗ್ಗಿ ಒಂದು ಸಹಿ ಹಾಕಿದ್ದೇ ತಡ, ಬೆನ್ನಿನ ಹೊಲಿಗೆ ಕುತ್ತಿಗೆಯಿಂದ ಸೊಂಟದವರೆಗೆ ಬಾಯಿ ಬಿಟ್ಟಿತು. ಮಾವ ಆ ಕೋಟನ್ನು ಬಿಚ್ಚುತ್ತ ಅಳಿಯನಿಗೆ ಹೇಳಿದ್ದು ಇಷ್ಟೇ: "ಲೋ, ನಿಂತವನಿಗೆ ಹೊಲೀಬೇಡ. ಉಸಿರಾಡೋವನಿಗೆ ಹೊಲಿ." ಅಂದಿನಿಂದ ಮಾಸ್ಟ್ರು ಹೊಲಿದದ್ದು ವಾಪಸ್ ಬಂದದ್ದಿಲ್ಲವಂತೆ, ನಾನಂತೂ ನೋಡಿಲ್ಲ. ಅವರ ಗೋಡೆಯ ಮೇಲೆ ಬೋರ್ಡಿಲ್ಲ, ಬಾಗಿಲಲ್ಲಿ ದೀಪವಿಲ್ಲ. "ಅಳತೆ ತಪ್ಪಲ್ಲ" ಎಂಬ ಬಾಯಿಮಾತೇ ಬೋರ್ಡು.

ಅವರ ಕೆಲಸವೆಲ್ಲ ಮನೆಯ ಮುಂದಿನ ಕೋಣೆಯಲ್ಲಿ. ಎರಡು ಮಿಷನ್, ಕತ್ತರಿಸುವ ಉದ್ದ ಮೇಜು, ಮೂಲೆಯಲ್ಲಿ ಇಸ್ತ್ರಿ ಪೆಟ್ಟಿಗೆ, ಮೊಳೆಗೆ ನೇತುಹಾಕಿದ ಅಳತೆ ಪುಸ್ತಕಗಳ ಗೊಂಚಲು. ಒಂದೇ ಕಿಟಕಿ. ಕಿಟಕಿಯ ಆಚೆ ಆರಡಿ ಅಂಗಳ, ಅಂಗಳದಲ್ಲಿ ಮರ. ಅವರು ಮನೆ ಕೊಂಡಾಗ ಅದು ಕೊಡೆಯ ಕಡ್ಡಿಯಷ್ಟಿತ್ತು. ಯಾವ ಹಕ್ಕಿ ಬೀಜ ಉದುರಿಸಿತ್ತೋ, ಯಾರೂ ನೆಟ್ಟದ್ದಲ್ಲ. ಹಣ್ಣಿಲ್ಲ, ಹೇಳಿಕೊಳ್ಳುವಂಥ ಹೂವಿಲ್ಲ, ಎಲೆ ಮಾತ್ರ ಇಡೀ ಬೀದಿಗಾಗುವಷ್ಟು. ಪ್ರತಿ ವರ್ಷ ಕೊಂಬೆ ಸವರುತ್ತಿದ್ದರು. ಒಂದು ಕಡಿದರೆ ಮೂರು ಚಿಗುರುತ್ತಿತ್ತು, ಸಾಲ ತೀರಿಸಿದವನ ಮನೆಗೆ ನೆಂಟರು ಬಂದ ಹಾಗೆ.

ಕಳೆದ ಮೂರು ವರ್ಷದಲ್ಲಿ ಆ ಮರ ಕಿಟಕಿಯನ್ನು ಪೂರ್ತಿ ನುಂಗಿತು. ಉಳಿದ ಬಟ್ಟೆಗೆ ಟ್ಯೂಬ್‌ಲೈಟು ಸಾಕು. ಆದರೆ ಮಾಸ್ಟ್ರ ಹೆಸರು ನಿಂತಿರುವುದು ವಕೀಲರ ಕರಿ ಕೋಟಿನ ಮೇಲೆ. ಕರಿ ಬಟ್ಟೆ, ಕರಿ ದಾರ. ಟ್ಯೂಬ್‌ಲೈಟಿನಲ್ಲಿ ಬಟ್ಟೆಯ ಹೊಳಪು ಕಾಣುತ್ತದೆ, ಹೊಲಿಗೆ ಕಾಣುವುದಿಲ್ಲ. ಕಣ್ಣಿನ ಡಾಕ್ಟರು ಎರಡು ಸಲ ಕನ್ನಡಕ ಬದಲಿಸಿ, ಮೂರನೆಯ ಸಲ, "ಕಣ್ಣು ವಯಸ್ಸಿಗೆ ತಕ್ಕ ಹಾಗೇ ಇದೆ, ನೀವು ಕೂರೋ ಜಾಗ ಬದಲಾಯಿಸಿ" ಎಂದರು. ಇರುವುದೇ ಒಂದು ಕೋಣೆ, ಜಾಗ ಬದಲಾಯಿಸಿ ಎಲ್ಲಿಗೆ ಹೋಗುವುದು?

ಒಂದು ದಿನ ನಮ್ಮ ಊರಿನ ಹಿರಿಯ ವಕೀಲರು ಕೋಟಿನ ಬಟ್ಟೆ ಹಿಡಿದು ಬಂದಾಗ ಮಾಸ್ಟ್ರು ಅದನ್ನು ಮಡಿಚಿ ವಾಪಸ್ ಕೊಟ್ಟರು.

"ಇನ್ಮೇಲೆ ಕರಿ ಕೆಲಸ ತಗೊಳ್ಳಲ್ಲ ಸಾರ್. ಕಾಣದ ಹೊಲಿಗೆ ಹಾಕೋಕೆ ನನ್ನಿಂದಾಗಲ್ಲ."

ನಾನು ಎದುರಿನಿಂದ ನೋಡುತ್ತಿದ್ದೆ. ನನ್ನ ಕಪಾಟಿನಲ್ಲಿ ಕರಿ ಬಟ್ಟೆಯ ಏಳು ಥಾನು ಇತ್ತು. ಆ ಮಧ್ಯಾಹ್ನ ಎರಡು ಸಲ ಚಿಲ್ಲರೆ ತಪ್ಪಾಗಿ ಕೊಟ್ಟೆ. ಸ್ನೇಹಿತನ ಕಷ್ಟಕ್ಕೋ ಥಾನಿನ ಕಷ್ಟಕ್ಕೋ ಎಂದು ಕೇಳಬೇಡಿ, ನಾನೂ ಕೇಳಿಕೊಂಡಿಲ್ಲ. ಸಂಜೆ ಅವರ ಕೋಣೆಗೆ ಹೋಗಿ ಹೇಳಿದೆ: "ಮಾಸ್ಟ್ರೇ, ಕಣ್ಣನ್ನಂತೂ ಕಡಿಸೋಕಾಗಲ್ಲ. ಮರ ಕಡಿಸಿ."

ನಮ್ಮ ಊರಲ್ಲಿ ಅಂಗಳ ನಿಮ್ಮದಾದರೂ ಮರ ಪೂರ್ತಿ ನಿಮ್ಮದಲ್ಲ. ಪುರಸಭೆಗೆ ಅರ್ಜಿ ಕೊಡಬೇಕು. ಅರ್ಜಿಯನ್ನು ನನ್ನ ಅಂಗಡಿಯ ಗಲ್ಲಾದ ಮೇಲೆ ಹರಡಿಕೊಂಡು ತುಂಬಿಸಿದೆವು. 'ಕಾರಣ' ಎಂಬಲ್ಲಿ 'ಬೆಳಕಿಲ್ಲ' ಎಂದು ಬರೆದೆವು. 'ಮರದ ಜಾತಿ' ಎಂಬಲ್ಲಿ ಇಬ್ಬರೂ ತಡವರಿಸಿದೆವು.

"ಏನು ಜಾತಿ ಮಾಸ್ಟ್ರೇ ಇದು?"

"ಅಡ್ಡ ಬರೋ ಜಾತಿ. ಹಾಗೇ ಬರೀರಿ ಸಾಹುಕಾರ್ರೇ."

ಬರೆದೆ. ಕೊನೆಗೆ 'ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ ಕಾಂಡದ ಸುತ್ತಳತೆ' ಎಂದಿತ್ತು. ಅಳತೆಯ ವಿಷಯ ಬಂದರೆ ಮಾಸ್ಟ್ರಿಗೆ ಇನ್ನೊಬ್ಬರ ಸಹಾಯ ಬೇಡ. ರಸ್ತೆ ದಾಟಿ ಹೋದರು, ನೆಲದಿಂದ ಅಳೆದು ಕಾಂಡದ ಮೇಲೆ ತಮ್ಮ ನೀಲಿ ಚಾಕಿನಿಂದ ಗೀಟು ಹಾಕಿದರು, ಕೊರಳಿನ ಟೇಪು ತೆಗೆದು ಸುತ್ತಿದರು, ಒಂದು ಕ್ಷಣ ನಿಂತರು, ಅಲ್ಲಿಂದಲೇ ಹೇಳಿದರು: "ಮೂವತ್ತೇಳು ಬರ್ಕೊಳ್ಳಿ."

ಬರೆದೆ. ಅವರು ಸಹಿ ಹಾಕಿದರು. ನಿಯಮಗಳೆಲ್ಲ ಅರ್ಜಿಯ ಹಿಂಬದಿಯಲ್ಲಿದ್ದವು. ಹಿಂಬದಿ ಓದುವ ಅಭ್ಯಾಸ ಅವರಿಗಿಲ್ಲ. ನನಗಿದೆ, ಆದರೆ ಬಟ್ಟೆಯದ್ದು ಮಾತ್ರ.

ಹತ್ತು ದಿನ ಬಿಟ್ಟು ಪುರಸಭೆಯಿಂದ ಮರದ ಮೇಡಂ ಬಂದರು. ಊರಿನ ಮರಗಳ ಪಟ್ಟಿ ಇಡುವವರು ಅವರೇ. ಐವತ್ತರ ಆಸುಪಾಸು, ಹೆಗಲಿಗೆ ಚೀಲ, ಕೈಯಲ್ಲಿ ಉಕ್ಕಿನ ಟೇಪು, ಮುಖದಲ್ಲಿ ದಿನಕ್ಕೆ ಹತ್ತು ಸುಳ್ಳು ಕೇಳಿ ಅಭ್ಯಾಸವಾದವರ ತಾಳ್ಮೆ. ಚಾಕಿನ ಗೀಟಿನ ಮೇಲೇ ಟೇಪು ಸುತ್ತಿ ಓದಿದರು. ಅರ್ಜಿ ನೋಡಿದರು. ಮತ್ತೆ ಸುತ್ತಿದರು.

"ಮಾಸ್ಟ್ರೇ, ಇದು ಮೂವತ್ತೈದೂವರೆ. ನೀವು ಮೂವತ್ತೇಳು ಬರ್ದಿದ್ದೀರಿ."

"ಸರಿಯಾಗೇ ಬರ್ದಿದ್ದೀನಿ ಮೇಡಂ. ಸಡಿಲ ಸೇರಿಸಿ."

"ಏನು ಸಡಿಲ?"

ಮಾಸ್ಟ್ರು ತಮ್ಮ ಟೇಪನ್ನು ಮರಕ್ಕೆ ಸುತ್ತಿ ಒಳಗೆ ಎರಡು ಬೆರಳು ತೂರಿಸಿ ತೋರಿಸಿದರು.

ಮೇಡಂ ಬೆರಳು ನೋಡಿದರು, ಮರ ನೋಡಿದರು, ನನ್ನನ್ನೂ ಒಮ್ಮೆ ನೋಡಿದರು. "ಮರಕ್ಕೆ ಕೋಟು ಹೊಲೀತೀರಾ?"

"ಬೆಳೆಯೋ ಮೈ ಮೇಡಂ. ಬಿಗಿಯಾಗಿ ತಗೊಂಡ್ರೆ ಅಳತೆ ನಾಳೆಗೆ ಸುಳ್ಳಾಗುತ್ತೆ."

ಆಗ ಮೇಡಂ ಅರ್ಜಿಯ ಹಿಂಬದಿಯನ್ನು ನಮಗಿಬ್ಬರಿಗೂ ಬಾಯಿಪಾಠ ಒಪ್ಪಿಸಿದರು. ಮೂವತ್ತಾರು ಇಂಚು ಗಡಿ. ಅದರ ಒಳಗಿದ್ದರೆ ಸಣ್ಣ ಮರ: ಬದಲಿಗೆ ಒಂದು ಸಸಿ ನೆಟ್ಟು ನಾಳೆಯೇ ಕಡಿಯಬಹುದು. ಮೂವತ್ತಾರು ಮುಟ್ಟಿದರೆ ದೊಡ್ಡ ಮರ: ಇಪ್ಪತ್ತೊಂದು ದಿನ ಮರಕ್ಕೆ ನೋಟೀಸು ಅಂಟಿಸಬೇಕು, ಮೂರು ತಿಂಗಳಿಗೊಮ್ಮೆ ಕೂರುವ ಸಮಿತಿ ಒಪ್ಪಬೇಕು, ಒಂದಕ್ಕೆ ಮೂರು ಸಸಿ ನೆಡಬೇಕು, ಮೂರೂ ಎರಡು ವರ್ಷ ಬದುಕಬೇಕು.

"ನಿಮ್ಮ ಟೇಪಿನಲ್ಲಿ ಸಣ್ಣದೇ ಅಲ್ವಾ ಮೇಡಂ? ಹಾಗೇ ಬರ್ಕೊಂಡುಬಿಡಿ" ಎಂದೆ ನಾನು.

"ಅರ್ಜಿದಾರರು ಸಹಿ ಮಾಡಿದ ಅಳತೆಗಿಂತ ಕಡಿಮೆ ಹಾಕೋ ಅಧಿಕಾರ ನನಗಿಲ್ಲ. ಎಲ್ಲರೂ ಕಡಿಮೆ ಬರ್ದು ಕೊಡ್ತಾರೆ, ನಾನು ಬಂದು ಜಾಸ್ತಿ ಮಾಡ್ತೀನಿ. ನನ್ನ ಸರ್ವೀಸಿನಲ್ಲಿ ಜಾಸ್ತಿ ಬರ್ದವರು ಇವರೊಬ್ಬರೇ." ಚೀಲದಿಂದ ಒಂದು ಚೀಟಿ ತೆಗೆದರು. "ಏನೂ ಕಷ್ಟ ಇಲ್ಲ ಮಾಸ್ಟ್ರೇ. 'ನಾನು ತೆಗೆದ ಅಳತೆ ತಪ್ಪಾಗಿದೆ' ಅಂತ ಒಂದು ಸಾಲು ಬರ್ದು ಸಹಿ ಹಾಕಿ. ಇದನ್ನ ಒಂದು ವಾರ ಮರದ ಮೇಲೆ ಅಂಟಿಸಿರ್ತೀವಿ, ನಿಯಮ. ಮುಂದಿನ ವಾರ ಕಡೀರಿ."

ಮಾಸ್ಟ್ರು ಚೀಟಿ ಹಿಡಿದುಕೊಂಡು ಮರ ನೋಡಿದರು. ಮರ ಇರುವುದು ಅಂಗಳದಲ್ಲಿ, ಅಂಗಳದ ಹಿಂದೆ ಅವರ ಬಾಗಿಲು. ಬರುವ ಗಿರಾಕಿ ಒಬ್ಬೊಬ್ಬನೂ ಮೊದಲು ಆ ಚೀಟಿ ಓದಿಯೇ ಒಳಗೆ ಬರಬೇಕು. ಟೈಲರನ ಬಾಗಿಲಲ್ಲಿ, ಟೈಲರನ ಸಹಿ ಇರುವ ಕಾಗದದಲ್ಲಿ, 'ಅಳತೆ ತಪ್ಪಾಗಿದೆ'.

"ಆಗಲ್ಲ ಮೇಡಂ" ಎಂದು ಚೀಟಿ ವಾಪಸ್ ಕೊಟ್ಟರು. "ದೊಡ್ಡ ಮರ ಅಂತಾನೇ ಬರ್ಕೊಳ್ಳಿ."

ಮೇಡಂ ಹೋದ ಮೇಲೆ ಒಳಗಿನಿಂದ ಕಾಜಾ ಅಕ್ಕ ಬಂದರು. ಮಾಸ್ಟ್ರ ಹೆಂಡತಿ. ಹೊಲಿದ ಬಟ್ಟೆಗೆ ಗುಂಡಿಯ ತೂತಿನ ಕಾಜಾ ಕಟ್ಟುವುದೆಲ್ಲ ಅವರೇ ಆದ್ದರಿಂದ ಬೀದಿಗೆಲ್ಲ ಅವರು ಕಾಜಾ ಅಕ್ಕ.

"ರೀ, ಒಂದು ಸಾಲು ಬರ್ದಿದ್ರೆ ನಿಮ್ಮ ಕೈ ಸವೀತಿತ್ತಾ?"

"ನಲವತ್ತು ವರ್ಷದಲ್ಲಿ ಬರ್ದಿಲ್ಲ."

"ನಲವತ್ತು ವರ್ಷದಲ್ಲಿ ಮರ ಅಳೆದಿದ್ರಾ?" ನನ್ನ ಕಡೆ ತಿರುಗಿದರು. "ಅಣ್ಣಾ, ನೀವಾದ್ರೂ ಹೇಳಬಾರದಾ? ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂತಾರಲ್ಲ, ಇವರಿಗೆ ಮೀಸೆನೂ ಇಲ್ಲ."

ನಾನು ಹೇಳಿ ನೋಡಿದೆ. ಮಾಸ್ಟ್ರು ಕತ್ತರಿಗೆ ಎಣ್ಣೆ ಹಾಕುತ್ತ ಕೇಳಿಸಿಕೊಂಡರು. "ಸಾಹುಕಾರ್ರೇ, ನಿಮ್ಮ ಅಂಗಡಿ ಬಾಗಿಲಲ್ಲಿ 'ಇಲ್ಲಿನ ಬಟ್ಟೆ ಬಣ್ಣ ಬಿಡುತ್ತೆ' ಅಂತ ಒಂದು ವಾರ ಬರ್ದು ಹಾಕ್ತೀರಾ? ಮರುದಿನವೇ ನಾನೂ ಬರೀತೀನಿ." ಆಮೇಲೆ ನಾನು ಮಾತು ಬದಲಿಸಿದೆ.

ನೋಟೀಸು ಅಂಟಿತು. ಇಪ್ಪತ್ತೊಂದು ದಿನ ಬೀದಿಯವರು ಓದಿದರು, ಯಾರೂ ತಕರಾರು ಹಾಕಲಿಲ್ಲ. ಆಮೇಲೆ ಸಮಿತಿಗೆ ಕಾಯುವ ಕಾಲ. ಒಂದು ಬೈಠಕ್ಕು ತಪ್ಪಿತು, ಯಾರೋ ಸದಸ್ಯರಿಗೆ ನೆಗಡಿ. ಈ ನಡುವೆ ಮಾಸ್ಟ್ರು ಶಾಲೆಯ ಸಮವಸ್ತ್ರ, ದಿಂಬಿನ ಚೀಲ, ಹರಿದ ಪ್ಯಾಂಟಿನ ಮಂಡಿ, ಬಂದದ್ದನ್ನೆಲ್ಲ ಹೊಲಿದರು. ಕೈಗೆ ಕೆಲಸವಿತ್ತು, ಮುಖಕ್ಕಿರಲಿಲ್ಲ. ಕರಿ ಕೋಟು ಹೊಲಿಯುವ ಕೈ ದಿಂಬಿನ ಚೀಲ ಹೊಲಿಯುವುದನ್ನು ನೋಡುವುದು, ಒಳ್ಳೆಯ ಅಡುಗೆಯವನು ಬರೀ ನೀರು ಕಾಯಿಸುವುದನ್ನು ನೋಡಿದ ಹಾಗೆ. ವಕೀಲರಲ್ಲಿ ಇಬ್ಬರು ಪಕ್ಕದ ಊರಿನ ಟೈಲರ ಹತ್ತಿರ ಹೋದ ಸುದ್ದಿಯೂ ಬಂತು. ನಾನು ಅದನ್ನು ಮಾಸ್ಟ್ರಿಗೆ ಹೇಳಲಿಲ್ಲ. ಕಾಜಾ ಅಕ್ಕ ಹೇಳಿದರು.

ಐದನೆಯ ತಿಂಗಳಲ್ಲಿ, ಸಮಿತಿಗೆ ಮೊದಲು ಕೊನೆಯ ಸಲ ಅಳೆಯಲು ಮರದ ಮೇಡಂ ಮತ್ತೆ ಬಂದರು. ಟೇಪು ಸುತ್ತಿ ಹುಬ್ಬು ಏರಿಸಿದರು.

"ಮೂವತ್ತಾರೂಕಾಲು."

ಮಾಸ್ಟ್ರು ಮಿಷನ್ ಬಿಟ್ಟು ಎದ್ದು ಬಂದರು. "ಎಷ್ಟಂದ್ರಿ?"

"ಮೂವತ್ತಾರೂಕಾಲು. ನಿಮ್ಮ ಸಡಿಲಿನ ಒಳಗೆ ಅರ್ಧ ದಾರಿ ಬಂದಿದೆ."

ಆ ದಿನ ನಮ್ಮ ಅಂಗಡಿಗೂ ಚಹಾ ಬಂತು, ಮಾಸ್ಟ್ರ ಲೆಕ್ಕದಲ್ಲಿ. ಮರ ಇನ್ನು ಯಾವ ಚೀಟಿ ಬರೆದರೂ ಸಣ್ಣದಾಗುವುದಿಲ್ಲ, ಹಿಂದಕ್ಕೆ ಹೋಗುವ ದಾರಿ ಮುಚ್ಚಿತು. ಆ ಸಂತೋಷಕ್ಕೆ ಚಹಾ ಹಂಚಿದ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ. ಕಾಜಾ ಅಕ್ಕ ಮಾತ್ರ ಲೋಟ ಮುಟ್ಟಲಿಲ್ಲ. "ಇವರು ಗೆದ್ದರು, ಕಿಟಕಿ ಸೋತಿತು" ಎಂದರು.

ಸಮಿತಿ ಒಪ್ಪಿತು. ಆದರೆ ಒಂದು ಷರತ್ತು: ಮೊದಲು ಮೂರು ಸಸಿ ನೆಡಬೇಕು, ಮೇಡಂ ನೋಡಬೇಕು, ಆಮೇಲೆ ಕೊಡಲಿ ಎತ್ತಬೇಕು. ಸಸಿ ಗೋಡೆಯಿಂದ ಹತ್ತಡಿ ದೂರ ಇರಬೇಕು. ಮಾಸ್ಟ್ರ ಜಾಗದಲ್ಲಿ ಹತ್ತಡಿ ಸಿಗುವುದು ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಆಚೆ, ಅದೂ ಒಂದಕ್ಕೆ. ಉಳಿದೆರಡನ್ನು ಅದೇ ವಾರ್ಡಿನಲ್ಲಿ ಬೇರೆಯವರ ಅಂಗಳದಲ್ಲಿ ನೆಡಬಹುದು, ಮನೆಯ ಒಡೆಯರು ಸಹಿ ಹಾಕಿಕೊಟ್ಟರೆ. ಸಹಿ ಹಾಕಿದ ಮೇಲೆ ಆ ಸಸಿ ಪಟ್ಟಿಗೆ ಸೇರುತ್ತದೆ. ಮುಂದೆ ಅದನ್ನು ಕೀಳಬೇಕೆಂದರೆ ಒಡೆಯರೂ ಅರ್ಜಿ ಹಿಡಿದು ಪುರಸಭೆಗೇ ಹೋಗಬೇಕು.

ಮರವನ್ನು ಎಲ್ಲರೂ ಪ್ರೀತಿಸುತ್ತಾರೆ, ಪಕ್ಕದ ಮನೆಯಲ್ಲಿದ್ದರೆ. ಹಲ್ಲಿನ ಡಾಕ್ಟರು, "ಎಲೆ ಬಿದ್ದು ಮೋರಿ ಕಟ್ಕೊಳ್ಳುತ್ತೆ" ಎಂದರು. ಮೂಲೆ ಮನೆಯ ನಿವೃತ್ತ ಹೆಡ್‌ಮಾಸ್ಟ್ರು ಸಭೆಗಳಲ್ಲಿ ಹಸಿರಿನ ಬಗ್ಗೆ ಮುಕ್ಕಾಲು ಗಂಟೆ ಮಾತಾಡುವವರು. ಅವರು ಬೇರಿನ ಬಗ್ಗೆ ಕಾಲು ಗಂಟೆ ಮಾತಾಡಿ, ಅದು ಅಡಿಪಾಯಕ್ಕೆ ಹೇಗೆ ಹೋಗುತ್ತದೆ ಎಂದು ಚಿತ್ರ ಬರೆದು ತೋರಿಸಿ ಕಳಿಸಿದರು. ಒಂದು ವಾರದಲ್ಲಿ ಮಾಸ್ಟ್ರು ಹದಿನಾಲ್ಕು ಬಾಗಿಲು ತಟ್ಟಿದರು. ಹದಿನೈದನೆಯದು ನನ್ನದು.

ನಾನು ಮೊದಲೇ ಉತ್ತರ ಹೊಂದಿಸಿಟ್ಟಿದ್ದೆ. "ನಮ್ಮ ಅಂಗಳದಲ್ಲಿ ಗಾಡಿ ನಿಲ್ಲಿಸ್ತೀವಲ್ಲ ಮಾಸ್ಟ್ರೇ, ಇಲ್ಲದಿದ್ರೆ..."

ಅಂಗಡಿಯಲ್ಲಿ ಐದಾರು ಗಿರಾಕಿಗಳಿದ್ದರು. ಮಾಸ್ಟ್ರು ಕಂಕುಳಿನಿಂದ ಒಂದು ಪುಸ್ತಕ ತೆಗೆದರು. ಅಳತೆ ಪುಸ್ತಕ. ಪುಟ ತಿರುವಿ ಕನ್ನಡಕ ಸರಿಮಾಡಿಕೊಂಡರು.

"ಸಾಹುಕಾರ್ರ ಸೊಂಟ ಹದಿನೈದು ವರ್ಷದ್ದೂ ಇಲ್ಲಿದೆ. ಮೊದಲನೇ ವರ್ಷದಿಂದ ಓದಲಾ? ಕೊನೇ ಎರಡು ವರ್ಷ ಬೆರಳು ತೂರಿಸೋಕೇ ಜಾಗ ಇರಲಿಲ್ಲ ಅಂತ ಪಕ್ಕದಲ್ಲಿ ಬರ್ದಿದ್ದೀನಿ."

ಗಿರಾಕಿಗಳು ಬಟ್ಟೆ ನೋಡುವುದನ್ನು ಬಿಟ್ಟು ನನ್ನನ್ನು ನೋಡಿದರು.

"ಗಾಡಿನ ಹೊರಗೆ ನಿಲ್ಲಿಸಿದ್ರಾಯ್ತು ಬಿಡಿ. ಎಲ್ಲಿ ಸಹಿ?" ಎಂದೆ.

ಇನ್ನೊಂದಕ್ಕೆ ಕಾಜಾ ಅಕ್ಕನೇ ಹೊರಟರು. ಹೆಡ್‌ಮಾಸ್ಟ್ರ ಮನೆಗೇ ಹೋದರು, ಆದರೆ ಹಿಂದಿನ ಬಾಗಿಲಿಂದ. ಅವರ ಮನೆಯಾಕೆ ಅಡುಗೆ ಕೋಣೆಯಲ್ಲಿದ್ದರು, ಮಧ್ಯಾಹ್ನದ ಬಿಸಿಲು ನೇರ ಒಲೆಯ ಮೇಲೆ ಬೀಳುತ್ತಿತ್ತು, ಮುಖವೆಲ್ಲ ಬೆವರು. ಅಕ್ಕ ಮರದ ಮಾತೇ ಎತ್ತಲಿಲ್ಲ. "ಅಯ್ಯೋ ಅಮ್ಮಾ, ಈ ಬಿಸಿಲಲ್ಲಿ ಹೇಗೆ ನಿಂತ್ಕೋತೀರಿ? ಕಿಟಕಿ ಆಚೆ ಒಂಚೂರು ನೆರಳಿದ್ದಿದ್ರೆ" ಎಂದು ಅಷ್ಟಕ್ಕೇ ನಿಲ್ಲಿಸಿದರು. ಉಳಿದದ್ದನ್ನು ಅಮ್ಮನೇ ಕೇಳಿ ತಿಳಿದುಕೊಂಡರು. ಸಂಜೆ ಹೆಡ್‌ಮಾಸ್ಟ್ರು ಬೇರಿನ ಚಿತ್ರ ಹಿಡಿದು ಅಡ್ಡ ನಿಂತಾಗ ಅಮ್ಮ ಕೇಳಿದರಂತೆ:

"ಸಹಿ ಮನೆ ಒಡೆಯರದ್ದಲ್ವಾ ಬೇಕಾಗಿರೋದು? ಮನೆ ಪತ್ರ ಯಾರ ಹೆಸರಲ್ಲಿದೆ?"

ಪತ್ರ ಅಮ್ಮನ ಹೆಸರಲ್ಲಿತ್ತು. ಹೆಡ್‌ಮಾಸ್ಟ್ರು ಗುಂಡಿ ತೋಡಲು ಪಿಕಾಸಿ ತಂದುಕೊಟ್ಟರು. ಮುಂದಿನ ಸಭೆಯಲ್ಲಿ ತಮ್ಮ ಅಂಗಳದ ಸಸಿಯನ್ನೂ ಭಾಷಣಕ್ಕೆ ಸೇರಿಸಿಕೊಂಡರು ಎಂದು ಕೇಳಿದೆ.

ಮೇಡಂ ಮೂರೂ ಸಸಿ ನೋಡಿ, ಮೂರಕ್ಕೂ ಬಿಲ್ಲೆ ಕಟ್ಟಿ, ಅಪ್ಪಣೆಯ ಕಾಗದ ಕೊಟ್ಟರು. ಒಂದು ಬುಧವಾರ ಬೆಳಗ್ಗೆ ಇಬ್ಬರು ಮರಗೆಲಸದವರು ಹಗ್ಗ, ಗರಗಸ ಹಿಡಿದು ಬಂದರು. ಮೇಲಿನ ಕೊಂಬೆಗಳನ್ನು ಹಗ್ಗ ಕಟ್ಟಿ ಒಂದೊಂದಾಗಿ ಇಳಿಸಿದರು. ಮಾಸ್ಟ್ರು ಹೊರಗೆ ಬರಲಿಲ್ಲ. ಒಳಗೆ ಮಿಷನ್ ಮುಂದೆ ಕೂತು ಕಿಟಕಿ ನೋಡುತ್ತಿದ್ದರು. ನಾನು ಹೋಗಿ ಪಕ್ಕದಲ್ಲಿ ನಿಂತೆ.

ಕೊಂಬೆ ಇಳಿದ ಹಾಗೆ ಬೆಳಕು ಮೊದಲು ಛಾವಣಿಯ ಮೂಲೆಗೆ ಬಂತು, ಆಮೇಲೆ ಇಸ್ತ್ರಿ ಪೆಟ್ಟಿಗೆಗೆ, ಆಮೇಲೆ ಮೇಜಿನ ಅಂಚಿಗೆ. ಗೋಡೆ ಬಿಳಿಯಲ್ಲ, ತಿಳಿ ಹಳದಿ ಎಂದು ಆಗ ಗೊತ್ತಾಯಿತು. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಕಾಂಡವೂ ಮಲಗಿತು. ಕಡಿದ ಕಾಂಡದ ಬುಡ ಹಸಿಯಾಗಿ ಕೆಂಪಗಿತ್ತು. ಮಾಸ್ಟ್ರು ಒಂದು ಸಲ ಅಂಗಳಕ್ಕೆ ಹೋಗಿ ಅದರ ಮೇಲೆ ಅಂಗೈ ಇಟ್ಟು ಬಂದರು. ಏನನ್ನಿಸಿತೋ, ನಾನು ಕೇಳಲಿಲ್ಲ. ಹದಿನೈದು ವರ್ಷದ ಪರಿಚಯ, ಯಾವುದನ್ನು ಕೇಳಬಾರದು ಎಂದು ಗೊತ್ತು.

ಒಳಗೆ ಬಂದು ಚೂರು ಕರಿ ಬಟ್ಟೆ ತೆಗೆದರು. ಸೂಜಿಗೆ ಕರಿ ದಾರ ಪೋಣಿಸಿದರು, ಮೊದಲ ಸಲಕ್ಕೇ ಹೋಯಿತು. ಒಂದು ಗೇಣು ಹೊಲಿದು ಕಿಟಕಿಗೆ ಹಿಡಿದರು. ಸಾಲಾಗಿ, ಒತ್ತಾಗಿ, ಒಂದೊಂದು ಹೊಲಿಗೆಯೂ ಎದ್ದು ಕಂಡಿತು. ಎರಡು ನಿಮಿಷ ಅದನ್ನೇ ನೋಡಿದರು.

"ಹಿರಿ ವಕೀಲರ ನಂಬರ್ ಇದೆಯಾ ಸಾಹುಕಾರ್ರೇ?"

"ಇದೆ. ಬಟ್ಟೆನೂ ಇದೆ."

"ಅದು ಗೊತ್ತು. ಆರು ತಿಂಗಳಿಂದ ಅದರ ಮೇಲಿನ ಧೂಳು ಒರೆಸ್ತಾ ನನ್ನ ಕಡೆ ನೋಡ್ತಿದ್ರಿ."

ವಕೀಲರು ಆ ಶುಕ್ರವಾರವೇ ಬಂದರು. ಪಕ್ಕದ ಊರಿನ ಕೋಟು ಹಾಕಿಕೊಂಡೇ ಬಂದರು. ಕೈ ಎತ್ತಿದರೆ ಕೋಟು ಪೂರ್ತಿ ಕಿವಿಗೆ ಬರುತ್ತಿತ್ತು. ಮಾಸ್ಟ್ರು ಟೇಪು ಕೊರಳಿಗೆ ಹಾಕಿಕೊಂಡು ಎದ್ದರು. ಹೆಗಲಿನ ಹೊಲಿಗೆ ಬೆರಳಲ್ಲಿ ಒಮ್ಮೆ ಸವರಿ, "ಇದನ್ನ ಕಳಚಿ ಅಲ್ಲಿಡಿ ಸಾರ್" ಎಂದರು, ಒದ್ದೆ ಕೊಡೆ ಇಡಲು ಹೇಳಿದ ಹಾಗೆ.

ಸಸಿಗಳು ಮೂರೂ ಚೆನ್ನಾಗಿವೆ. ಒಂದು ಸತ್ತರೂ ಮತ್ತೆ ನೆಡಬೇಕಾದ್ದರಿಂದ ಮಾಸ್ಟ್ರು ದಿನಾ ಬೆಳಗ್ಗೆ ಕೊಡ ಹಿಡಿದು ಮೂರು ಅಂಗಳ ಸುತ್ತುತ್ತಾರೆ. ನಮ್ಮ ಮನೆಗೆ ಬಂದಾಗ ನನ್ನ ಹೆಂಡತಿ, "ಹಾಗೇ ಈ ಎರಡು ಕುಂಡಕ್ಕೂ ಹಾಕಿಬಿಡಿ ಅಣ್ಣಾ" ಎನ್ನುತ್ತಾಳೆ, ಹಾಕುತ್ತಾರೆ.

ಕೆಲಸವೂ ಜೋರಾಗಿದೆ, ಒಂದು ತೊಡಕು ಬಿಟ್ಟು. ಇಷ್ಟು ವರ್ಷ ಕಾಜಾ ಅಕ್ಕ ಬೆಳಕಿಗಾಗಿ ಗುಂಡಿಯ ಕೆಲಸವನ್ನೆಲ್ಲ ಹಿತ್ತಲ ಮೆಟ್ಟಿಲ ಮೇಲೆ ಕೂತು ಮಾಡುತ್ತಿದ್ದರಂತೆ. ಮರ ಹೋದ ಮರುವಾರ ಸ್ಟೂಲು ತಂದು ಕಿಟಕಿಯ ಪಕ್ಕ ಹಾಕಿಕೊಂಡರು. ನಾನು ಹೋದಾಗ ಮಾಸ್ಟ್ರು ಕೋಟಿನ ಕಾಲರು ಹಿಡಿದು ಕುತ್ತಿಗೆ ಓರೆ ಮಾಡಿ ನೋಡುತ್ತಿದ್ದರು.

"ಒಂಚೂರು ಆಚೆ ಹೋಗೇ. ನೆರಳು ಬೀಳ್ತಿದೆ."

"ಕರಿ ಕೋಟಿಗೆ ಕಾಜಾ ಬೇಡ್ವಾ? ನಾನೂ ಕರಿ ದಾರದಲ್ಲೇ ಕಟ್ಟೋದು. ಇಷ್ಟು ದಿನ ನಿಮಗೊಬ್ಬರಿಗೇ ಕಣ್ಣು ಅಂದ್ಕೊಂಡಿದ್ರಾ?"

ಮಾಸ್ಟ್ರು ಅಕ್ಕನ ಕೈಯಲ್ಲಿದ್ದ ಕಾಜಾ ನೋಡಿದರು, ಕಿಟಕಿ ನೋಡಿದರು. ಎದ್ದು ಮಿಷನ್ನಿನ ಒಂದು ಕಡೆ ಹಿಡಿದರು.

"ಸಾಹುಕಾರ್ರೇ, ಸುಮ್ನೆ ನಿಂತಿದ್ದೀರಲ್ಲ, ಆ ಕಡೆ ಹಿಡೀರಿ."

ಇಬ್ಬರೂ ಸೇರಿ ಮಿಷನ್ನನ್ನು ಒಂದು ಮೊಳ ಎಡಕ್ಕೆ ಸರಿಸಿದೆವು. ಅಕ್ಕ ಸ್ಟೂಲನ್ನು ಮುಂದಕ್ಕೆ ಎಳೆದುಕೊಂಡು ಸೂಜಿಗೆ ದಾರ ಪೋಣಿಸತೊಡಗಿದರು.